ವಲಸೆ ಬಂದವರು ಕಟ್ಟಿದ ಸಣ್ಣ ಊರಿನ ಚರಿತ್ರೆಯನ್ನು ಬರೆಯುವ ಬಗೆ

ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಊರಿನ ಚರಿತ್ರೆಯ ಮಾತೆತ್ತಿದರೆ ಅದು ನೇರವಾಗಿ ಏಳು ಸುತ್ತಿನ ಕೋಟೆಗೆ ಹೋಗಿ ನಿಲ್ಲುತ್ತದೆ. 1568ರಲ್ಲಿ ತಿಮ್ಮಣ್ಣನಾಯಕನಿಂದ ಮೊದಲಾಗಿ 1779ರಲ್ಲಿ ದುರ್ಗವು ಹೈದರಾಲಿಯ ಕೈಸೇರುವವರೆಗಿನ ಪಾಳೆಯಗಾರರ ಕಥೆಯನ್ನು ನಮ್ಮ ಕಡೆಯ ಶಾಲಾ ಮಕ್ಕಳೂ ಹೇಳಬಲ್ಲರು. ಆದರೆ ತಾವು ಹುಟ್ಟಿ ಬೆಳೆದ ನೂರು ಮನೆಯ ಹಳ್ಳಿಯನ್ನು ಕಟ್ಟಿದವರು ಯಾರು, ಅವರು ಎಲ್ಲಿಂದ ಬಂದರು, ಮೊದಲ ಬಾವಿಯನ್ನು ಯಾವ ಹೊಲದಲ್ಲಿ ತೋಡಿದರು ಎಂದು ಕೇಳಿದರೆ ಹಿರಿಯರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಕೋಟೆಯಿಲ್ಲದ, ಶಾಸನವಿಲ್ಲದ, ಹೆಸರಾಂತ ದೇವಸ್ಥಾನವೂ ಇಲ್ಲದ ಊರಿಗೆ ಚರಿತ್ರೆಯೇ ಇಲ್ಲವೆಂದು ನಾವು ನಂಬಿಬಿಟ್ಟಿದ್ದೇವೆ. ಆ ನಂಬಿಕೆ ತಪ್ಪು. ಇಂಥ ಊರುಗಳ ಚರಿತ್ರೆಯನ್ನು ಹುಡುಕಿ, ಹೊಂದಿಸಿ, ಬರೆದಿಡುವ ಕೆಲಸವನ್ನು ಹೇಗೆ ಮಾಡಬೇಕೆಂಬುದನ್ನು, ಹೊಸದುರ್ಗ ತಾಲ್ಲೂಕಿನಲ್ಲಿರುವ ನನ್ನ ತಾಯಿಯ ತವರೂರಿನ ಬಗ್ಗೆ ಹಲವು ವರ್ಷ ಟಿಪ್ಪಣಿ ಮಾಡಿಕೊಂಡ ಅನುಭವದಿಂದ ಇಲ್ಲಿ ವಿವರಿಸುತ್ತೇನೆ. ವೇದಾವತಿ ನದಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಮಾರಿಕಣಿವೆಯ ಕಟ್ಟೆಯನ್ನು, ಅಂದರೆ ಇಂದಿನ ವಾಣಿವಿಲಾಸ ಸಾಗರವನ್ನು, ಕಟ್ಟಿದಾಗ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟವರು ಬಂದು ನೆಲೆನಿಂತ ಊರು ಅದು.

ದೂರದ ಒಂದು ಊರಿನಿಂದ ಕಲಿತದ್ದು

ಈ ಕೆಲಸಕ್ಕೆ ನನಗೆ ಮಾದರಿಯಾಗಿ ಸಿಕ್ಕಿದ್ದು ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯದ ಹುಲ್ಲುಗಾವಲಿನಲ್ಲಿರುವ ನ್ಯೂ ನಾರ್ವೆ ಎಂಬ ಪುಟ್ಟ ಊರು. ಹೆಸರೇ ಹೇಳುವಂತೆ ಅದನ್ನು ಕಟ್ಟಿದವರು ನಾರ್ವೆ ದೇಶದ ವಲಸೆಗಾರರು. ಅವರು ಅಲ್ಲಿ ನೆಲೆನಿಂತದ್ದು 1890ರ ದಶಕದಲ್ಲಿ. ನಾರ್ವೆಯಿಂದ ಅಮೆರಿಕಕ್ಕೆ ಸಂಘಟಿತ ವಲಸೆ ಶುರುವಾದದ್ದು ಅದಕ್ಕೂ ಬಹಳ ಹಿಂದೆ, 1825ರಲ್ಲಿ, ಸ್ಟಾವಾಂಗರ್ ಬಂದರಿನಿಂದ ರೆಸ್ಟೊರೇಷನ್ ಎಂಬ ಸಣ್ಣ ಹಾಯಿಹಡಗು ಐವತ್ತಕ್ಕೂ ಸ್ವಲ್ಪ ಹೆಚ್ಚು ಜನರನ್ನು ಹೊತ್ತು ಹೊರಟಾಗ. ಕಲ್ಲುಗುಡ್ಡ ಮತ್ತು ಕಡಲಿನ ನಡುವೆ ಉಳುವ ನೆಲ ತೀರ ಕಡಿಮೆಯಿದ್ದ ಆ ದೇಶದ ರೈತ ಮಕ್ಕಳಿಗೆ, 1862ರ ಅಮೆರಿಕದ ಹೋಮ್‌ಸ್ಟೆಡ್ ಕಾಯ್ದೆಯೂ 1872ರ ಕೆನಡಾದ ಭೂಕಾಯ್ದೆಯೂ ತಲಾ 160 ಎಕರೆಯ ಆಸೆಯನ್ನು ತೋರಿಸಿದವು. ಕೆನಡಾದಲ್ಲಿ ಹತ್ತು ಡಾಲರ್ ಶುಲ್ಕ ಕಟ್ಟಿ, ಅಲ್ಲೇ ಮನೆ ಮಾಡಿ, ಮೂರು ವರ್ಷ ಉಳುಮೆ ಮಾಡಿ ತೋರಿಸಿದವನಿಗೆ ಪಟ್ಟಾ ಸಿಗುತ್ತಿತ್ತು. ನಮ್ಮ ದರಖಾಸ್ತು ಜಮೀನು ಮತ್ತು ಸಾಗುವಳಿ ಚೀಟಿಯನ್ನು ಬಲ್ಲವರಿಗೆ ಆ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆನಡಾದ ಹುಲ್ಲುಗಾವಲಿನ ಇಂಥ ಊರುಗಳ ಬಗ್ಗೆ ಓದುವಾಗ ಎರಡು ಸಂಗತಿಗಳು ನನ್ನ ಮನಸ್ಸಿನಲ್ಲಿ ನಾಟಿದವು. ಮೊದಲನೆಯದು, ಅಲ್ಲಿಗೆ ಬಂದ ನಾರ್ವೆಯವರಲ್ಲಿ ಅನೇಕರು ನೇರವಾಗಿ ನಾರ್ವೆಯಿಂದ ಬಂದವರಲ್ಲ. ಅವರು ಅಥವಾ ಅವರ ತಂದೆಯವರು ಅಮೆರಿಕದ ಮಿನ್ನೆಸೋಟಾ, ಡಕೋಟಾ ಕಡೆ ಕೆಲವು ವರ್ಷ ಬೇಸಾಯ ಮಾಡಿ, ಅಲ್ಲಿ ನೆಲ ಸಾಲದಾದಾಗ ಉತ್ತರಕ್ಕೆ ಸರಿದವರು. ವಲಸೆಗೆ ಹೊರಟ ಊರು, ತಲುಪಿದ ಊರು ಎಂಬ ಎರಡು ತುದಿಗಳಲ್ಲದೆ ನಡುವೆ ತಂಗಿದ ಊರೂ ಇರುತ್ತದೆ. ಜನ ಮರೆಯುವುದು ಆ ನಡುವಿನ ಊರನ್ನೇ. ಎರಡನೆಯದು, ವಲಸೆಗಾರರ ಪಾಲಿಗೆ ಖಾಲಿಯಾಗಿ ಕಂಡ ಆ ಬಯಲು ಕ್ರೀ ಮೊದಲಾದ ಮೂಲನಿವಾಸಿಗಳು ಕಾಡೆಮ್ಮೆಗಳನ್ನು ಬೇಟೆಯಾಡಿ ಬದುಕಿದ ನೆಲ. 1876ರಲ್ಲಿ ಕೆನಡಾ ಸರ್ಕಾರದೊಡನೆ ಆದ ಆರನೇ ಒಪ್ಪಂದದ ನಂತರ ಅವರು ಸಣ್ಣ ಮೀಸಲು ಪ್ರದೇಶಗಳಿಗೆ ಸರಿಯಬೇಕಾಯಿತು. ಅದೇ 1876ರಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಧಾತು ಸಂವತ್ಸರದ ಬರ ಶುರುವಾಗಿತ್ತು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ನ್ಯೂ ನಾರ್ವೆ 2012ರ ನವೆಂಬರ್ 1ರಂದು ಗ್ರಾಮಾಡಳಿತದ ಸ್ಥಾನವನ್ನು ಕಳೆದುಕೊಂಡು ಸುತ್ತಲಿನ ಕ್ಯಾಮ್‌ರೋಸ್ ಕೌಂಟಿಯಲ್ಲಿ ಸೇರಿಹೋಯಿತು. ಆಡಳಿತ ಹೋದರೂ ಆ ಊರನ್ನು ಕಟ್ಟಿದವರ ಕಥೆಯನ್ನು ಇಲ್ಲಿ ಕೂತು ನಾನು ಓದಲು ಸಾಧ್ಯವಾದದ್ದು ಯಾರೋ ಅದನ್ನು ಬರೆದಿಟ್ಟದ್ದರಿಂದ.

ಆದ್ದರಿಂದ ಕೆಲಸ ಶುರುಮಾಡುವ ಮುನ್ನ ಒಂದು ನೋಟುಬುಕ್ಕಿನ ಮೊದಲ ಪುಟದಲ್ಲಿ ಐದು ಪ್ರಶ್ನೆಗಳನ್ನು ಬರೆದುಕೊಳ್ಳಿ. ಬಂದವರು ಯಾರು, ಯಾವ ಊರಿನಿಂದ ಹೊರಟರು, ನಡುವೆ ಎಲ್ಲಿ ತಂಗಿದರು, ಹೊರಡಿಸಿದ್ದು ಯಾವ ಕಷ್ಟ, ಅವರು ಬರುವ ಮುನ್ನ ಆ ನೆಲದಲ್ಲಿ ಯಾರು ಓಡಾಡುತ್ತಿದ್ದರು. ಮುಂದೆ ನೀವು ಸಂಗ್ರಹಿಸುವ ಪ್ರತಿಯೊಂದು ವಿವರವೂ ಈ ಐದರಲ್ಲಿ ಒಂದಕ್ಕಾದರೂ ಉತ್ತರವಾಗಿರಬೇಕು.

ಮೊದಲು ಜನ, ಆಮೇಲೆ ಕಾಗದ

ತಾಲ್ಲೂಕು ಕಚೇರಿಯ ಕಾಗದಗಳು ಇನ್ನು ಹತ್ತು ವರ್ಷ ಕಳೆದರೂ ಅಲ್ಲೇ ಇರಬಹುದು. ಎಂಬತ್ತು ದಾಟಿದ ಅಜ್ಜಿಯರು ಇರುವುದಿಲ್ಲ. ಹಾಗಾಗಿ ಆರಂಭ ಮನೆಯ ಜಗಲಿಯಿಂದಲೇ ಆಗಬೇಕು. ಗಂಡಸರನ್ನು ಮಾತ್ರ ಕೇಳಿ ಎದ್ದು ಬರುವುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಆಗುವ ದೊಡ್ಡ ತಪ್ಪು. ಗೌಡರ ಮನೆಯ ಯಜಮಾನರು ವಂಶದ ಹೆಸರುಗಳನ್ನು ಹೇಳುತ್ತಾರೆ, ಆದರೆ ಹೊರಗಿನಿಂದ ಸೊಸೆಯಾಗಿ ಬಂದ ಹೆಣ್ಣುಮಗಳು ಊರನ್ನು ಮೊದಲ ಸಲ ಕಂಡದ್ದು ಬುದ್ಧಿ ತಿಳಿದ ಮೇಲೆ. ಆ ದಿನದ ಊರು ಅವಳ ಕಣ್ಣಿನಲ್ಲಿ ಚಿತ್ರದಂತೆ ಉಳಿದಿರುತ್ತದೆ.

ಇದನ್ನು ನನಗೆ ಕಲಿಸಿದವರು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಮಾತನಾಡಿಸಿದ ನನ್ನ ತಾಯಿಯ ಸೋದರತ್ತೆ. ಅವರು ಆಗ ಜಗಲಿಯ ಮೇಲೆ ಕೂತು ಬಿತ್ತನೆಗೆಂದು ಶೇಂಗಾ ಒಡೆಯುತ್ತಿದ್ದರು. "ನೀವು ಮದುವೆಯಾಗಿ ಬಂದಾಗ ಊರಲ್ಲಿ ಎಷ್ಟು ಮನೆ ಇದ್ದವು ಅಜ್ಜಿ?" ಎಂದು ಕೇಳಿದೆ. "ಹದಿನೇಳು ಮನೆ ಕಣಪ್ಪಾ. ಹೊತ್ತಾರೆ ಬಾವಿತಾವ ನಿಂತ್ರೆ ಎಲ್ಲಾರ ಮನೆ ಹೊಗೆನೂ ಕಾಣ್ತಿತ್ತು" ಎಂದರು. ಯಾವ ಮನೆ ಎಲ್ಲಿತ್ತೆಂದು ಕೇಳಿದಾಗ, ಮೊರದಿಂದ ಒಂದು ಹಿಡಿ ಶೇಂಗಾಕಾಯಿ ತೆಗೆದು ಜಗಲಿಯ ಮೇಲೆ ಒಂದೊಂದಾಗಿ ಇಡುತ್ತಾ ಹೋದರು. ಬಾವಿಗೆ ಒಂದು ಬೆಣಚುಕಲ್ಲು, ಹಳ್ಳಕ್ಕೆ ಸೆರಗಿನಿಂದ ಎಳೆದ ಒಂದು ಗೆರೆ. ಅಣ್ಣತಮ್ಮಂದಿರು ಪಾಲಾಗಿ ಒಂದೇ ಗೋಡೆ ಹಂಚಿಕೊಂಡಿದ್ದ ಮನೆಗೆ ಎರಡು ಬೀಜದ ಕಾಯಿ, ಗಂಡ ತೀರಿಕೊಂಡು ಒಬ್ಬಳೇ ಇದ್ದವಳ ಮನೆಗೆ ಒಂಟಿ ಬೀಜದ ಕಾಯಿ. ಹದಿನಾಲ್ಕನೆಯ ಕಾಯಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಉಳಿದವುಗಳಿಂದ ಒಂದು ಮೊಳ ದೂರದಲ್ಲಿ, ಹಳ್ಳದ ಆಚೆ ದಡದಲ್ಲಿ ಇಟ್ಟರು. ಊರಿಗೆ ಚಪ್ಪಲಿ, ಮಿಣಿ ಹೊಲಿದುಕೊಡುತ್ತಿದ್ದವರ ಮನೆ ಅದು. ಊರಿನವರ ಜೊತೆಯಲ್ಲೇ ಹಳೆಯ ಊರಿನಿಂದ ಗಾಡಿಯ ಹಿಂದೆ ನಡೆದು ಬಂದವರ ಮನೆಯೂ ಹೌದು. ಅದಕ್ಕೂ ಮೊದಲು ನಾನು ಮಾತನಾಡಿಸಿದ್ದ ಮೂವರು ಹಿರಿಯರಲ್ಲಿ ಒಬ್ಬರೂ ಆ ಮನೆಯನ್ನು ಲೆಕ್ಕಕ್ಕೆ ತಂದಿರಲಿಲ್ಲ.

ಈ ವಿಧಾನವನ್ನು ನೀವೂ ಅನುಸರಿಸಿ. ಕಾಗದ, ಪೆನ್ಸಿಲ್ ಕೊಟ್ಟರೆ ಅನೇಕ ಹಿರಿಯರು ಹಿಂಜರಿಯುತ್ತಾರೆ. ಕಾಳು, ಕಲ್ಲು, ಹುಣಸೆಬೀಜ ಕೊಟ್ಟರೆ ಕೈ ತಾನಾಗಿ ಚಲಿಸುತ್ತದೆ. ಜೋಡಣೆ ಮುಗಿದ ಮೇಲೆ ಮೇಲಿನಿಂದ ಒಂದು ಫೋಟೊ ತೆಗೆದು, ಅವರ ಎದುರಿಗೇ ಪ್ರತಿ ಕಾಯಿಗೂ ಸಂಖ್ಯೆ ಕೊಟ್ಟು ಹೆಸರು ಬರೆದುಕೊಳ್ಳಿ. ಅದೇ ನಕ್ಷೆಯನ್ನು ಬೇರೆ ಕೇರಿಯ ಇನ್ನೊಬ್ಬರಿಂದಲೂ ಮಾಡಿಸಿ. ಎರಡರ ನಡುವಿನ ವ್ಯತ್ಯಾಸದಲ್ಲಿ ಮುಂದಿನ ಪ್ರಶ್ನೆಗಳು ಸಿಗುತ್ತವೆ.

ಇಸವಿ ಕೇಳಬೇಡಿ, ಘಟನೆ ಕೇಳಿ. ಆ ಅಜ್ಜಿಗೆ ತಮ್ಮ ವಯಸ್ಸು ತಿಳಿದಿರಲಿಲ್ಲ, ಆದರೆ ಮಾರಿಕಣಿವೆ ಕೋಡಿ ಬಿದ್ದ ವರ್ಷ ತಾವು ಕೈಗೂಸೆಂದೂ ಗಾಂಧೀಜಿ ತೀರಿಕೊಂಡ ವರ್ಷ ತಮ್ಮ ಮದುವೆಯಾಯಿತೆಂದೂ ತಿಳಿದಿತ್ತು. ವಾಣಿವಿಲಾಸ ಸಾಗರ ಮೊದಲ ಬಾರಿಗೆ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಹರಿಯಲು 2022ರವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಹಾಗಾಗಿ ಆ ತಲೆಮಾರಿನವರ ಬಾಯಲ್ಲಿ ಕೋಡಿ ಬಿದ್ದ ವರ್ಷವೆಂದರೆ 1933 ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು. ಹದಿನೇಳು ಮನೆಯ ಆ ನಕ್ಷೆ 1948ರ ಹೊತ್ತಿನದೆಂದು ಗೊತ್ತಾದದ್ದು ಹೀಗೆ. 1918ರ ಇನ್‌ಫ್ಲುಯೆಂಜಾ, ಅದಕ್ಕೂ ಹಿಂದೆ ಪ್ಲೇಗು ಬಂದು ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಾಲ, 1952ರ ಮೊದಲ ಚುನಾವಣೆ ಇಂಥವೂ ಮನೆಮನೆಯ ನೆನಪಿನಲ್ಲಿ ಗೂಟಗಳಾಗಿ ನಿಂತಿರುತ್ತವೆ. ಪ್ಲೇಗಿನ ಮಾತು ಬಂದಾಗ ವಿಶೇಷವಾಗಿ ಕಿವಿಗೊಡಿ. ಊರು ಬಿಟ್ಟು ಹೋದವರಲ್ಲಿ ಕೆಲವರು ಹಿಂತಿರುಗದೆ ಅಲ್ಲೇ ಉಳಿದು ಹೊಸಹಳ್ಳಿಯೆಂಬ ಹೆಸರಿನ ಊರಾದದ್ದುಂಟು.

ಇನಿಷಿಯಲ್ಲು, ಮನೆದೇವರು ಮತ್ತು ಹೆಳವರು

ನಾರ್ವೆಯ ರೈತರ ಹೆಸರಿನ ಕೊನೆಯಲ್ಲಿ ಬರುತ್ತಿದ್ದದ್ದು ಅವರು ಉಳುತ್ತಿದ್ದ ಜಮೀನಿನ ಹೆಸರು. ಸಮುದ್ರ ದಾಟಿದ ಮೇಲೂ ಎಷ್ಟೋ ಮಂದಿ ಅದನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡದ್ದರಿಂದ, ಇವತ್ತಿನ ಮೊಮ್ಮಕ್ಕಳು ಆ ಹೆಸರನ್ನು ಹಿಡಿದು ನಾರ್ವೆಯ ಆ ಹೊಲದವರೆಗೂ ಹೋಗಿ ಬರುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಇನಿಷಿಯಲ್ಲು ಮಾಡುತ್ತದೆ. ಹಿರಿಯರ ಹೆಸರಿನ ಹಿಂದಿರುವ ಎರಡು ಅಕ್ಷರಗಳಲ್ಲಿ ಒಂದು ತಂದೆಯದಾದರೆ ಇನ್ನೊಂದು ಅನೇಕ ಸಲ ಊರಿನದು, ಮತ್ತು ಅದು ಈಗಿರುವ ಊರಿನ ಅಕ್ಷರವೇ ಆಗಿರಬೇಕೆಂದಿಲ್ಲ. ನನ್ನ ತಾಯಿಯ ತವರೂರಿನ ನಾಲ್ಕು ಮನೆಗಳಲ್ಲಿ ಒಂದೇ ಅಕ್ಷರ ನಡೆದುಬಂದಿತ್ತು. ಅದು ಮುಳುಗಡೆಯಾದ ಊರಿನ ಅಕ್ಷರವಾಗಿರದೆ, ಅದಕ್ಕೂ ಒಂದು ತಲೆಮಾರು ಹಿಂದೆ ಆ ಮನೆಗಳವರು ಬಿಟ್ಟುಬಂದಿದ್ದ ಇನ್ನೊಂದು ಊರಿನದಾಗಿತ್ತು. ನಡುವೆ ತಂಗಿದ ಊರೆಂದು ಮೇಲೆ ಹೇಳಿದೆನಲ್ಲ, ಮುಳುಗಿದ ಊರೇ ಆ ನಾಲ್ಕು ಮನೆಗಳ ಪಾಲಿಗೆ ಅಂಥ ತಂಗುದಾಣ.

ಮನೆದೇವರನ್ನು ಕೇಳುವುದು ಇದಕ್ಕಿಂತಲೂ ಖಚಿತವಾದ ದಾರಿ. ವಲಸೆ ಹೊರಟವರು ಬೀಜದ ಮೂಟೆಯ ಜೊತೆ ದೇವರ ಪೆಟ್ಟಿಗೆಯನ್ನೂ ಹೊತ್ತು ತರುತ್ತಾರೆ. ಗುಡಿ ಕಟ್ಟುವುದು ಎಷ್ಟೋ ವರ್ಷಗಳ ನಂತರ. ನಾರ್ವೆಯವರೂ ಹುಲ್ಲುಗಾವಲಿನಲ್ಲಿ ಮೊದಲು ಯಾರದೋ ಮನೆಯಲ್ಲಿ ಸೇರಿ ತಮ್ಮ ಲೂಥರನ್ ಪ್ರಾರ್ಥನೆ ನಡೆಸಿ, ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಚರ್ಚು ಕಟ್ಟಿದವರು. ಆದ್ದರಿಂದ ಊರಿನ ಗುಡಿ ಎಷ್ಟು ಹಳೆಯದೆಂದು ಕೇಳುವ ಬದಲು, ದೇವರ ಮೂಲಸ್ಥಾನ ಯಾವುದು, ಹೊಳೆಪೂಜೆಗೆ ದೇವರನ್ನು ಎಲ್ಲಿಗೆ ಹೊರಡಿಸುತ್ತಾರೆ, ಮಗುವಿನ ಮೊದಲ ಕೂದಲು ಕೊಡಲು ಯಾವ ಊರಿಗೆ ಹೋಗುತ್ತಾರೆ ಎಂದು ಮನೆಮನೆಗೂ ಕೇಳಿ. ಉತ್ತರಗಳನ್ನು ಒಂದು ನಕ್ಷೆಯ ಮೇಲೆ ಗುರುತು ಹಾಕಿಕೊಂಡರೆ ಊರಿಗೆ ಬಂದ ದಾರಿಗಳು ತಾವಾಗಿ ಮೂಡುತ್ತವೆ.

ಇನ್ನು ಹೆಳವರ ವಿಷಯ. ನಮ್ಮ ಸೀಮೆಯಲ್ಲಿ ಊರಿನ ಚರಿತ್ರೆ ಬರೆಯಹೊರಟವನಿಗೆ ಅವರಿಗಿಂತ ದೊಡ್ಡ ಆಸರೆ ಇನ್ನೊಂದಿಲ್ಲವೆಂದು ನನ್ನ ನಂಬಿಕೆ. ಎತ್ತಿನ ಮೇಲೆ ಕೂತು ಒಕ್ಕಲುಮನೆಗಳಿಗೆ ಬಂದು, ಆ ಮನೆತನದ ಮೂಲ, ಬೆಡಗು, ಎಲ್ಲೆಲ್ಲಿಂದ ಎಲ್ಲೆಲ್ಲಿಗೆ ಹೋದರು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಹೊತ್ತಿಗೆಗೆ ಸೇರಿಸಿಕೊಂಡು, ಕಾಳುಕಡ್ಡಿ, ಬಟ್ಟೆ, ಹಣವನ್ನು ಪಡೆದು ಹೋಗುವವರು ಅವರು. ಇಂಥ ಮನೆಗಳಿಗೆ ಇಂಥ ಹೆಳವರು ಎಂಬ ಕಟ್ಟುಪಾಡಿದೆ. ನಾರ್ವೆಯಲ್ಲಿ ಪಾದ್ರಿಗಳು ಚರ್ಚಿನ ರಿಜಿಸ್ಟರಿನಲ್ಲಿ ಹುಟ್ಟು, ಮದುವೆ, ಸಾವು, ಊರು ಬಿಟ್ಟು ಹೋದದ್ದು ಎಲ್ಲವನ್ನೂ ಬರೆದಿಟ್ಟಂತೆ, ನಮ್ಮ ಒಕ್ಕಲುಮನೆಗಳ ಲೆಕ್ಕವನ್ನು ಇಟ್ಟವರು ಹೆಳವರು. ನಿಮ್ಮ ಊರಿಗೆ ಅವರು ಯಾವ ತಿಂಗಳಲ್ಲಿ ಬರುತ್ತಾರೆಂದು ಮೊದಲೇ ತಿಳಿದುಕೊಂಡು ಆ ದಿನ ಊರಿನಲ್ಲಿರಿ. ಅವರು ಓದುವಾಗ ನಡುವೆ ಬಾಯಿ ಹಾಕಬೇಡಿ, ಏಕೆಂದರೆ ಆ ರಾಗದ ಓಟದಲ್ಲೇ ಅವರ ನೆನಪು ಇರುತ್ತದೆ. ಧ್ವನಿಮುದ್ರಣಕ್ಕೆ ಅವರ ಒಪ್ಪಿಗೆಯನ್ನೂ ಮನೆಯವರ ಒಪ್ಪಿಗೆಯನ್ನೂ ಪಡೆಯಿರಿ. ಹೊತ್ತಿಗೆಯ ಪುಟಗಳನ್ನು ಫೋಟೊ ತೆಗೆಯಲು ಅವರು ಒಪ್ಪದಿದ್ದರೆ ಒತ್ತಾಯ ಬೇಡ. ಅದು ಅವರ ಜೀವನೋಪಾಯ. ಕೊಡಬೇಕಾದ ಗೌರವವನ್ನು ಪೂರ್ತಿಯಾಗಿ ಕೊಡಿ. ಹೆಳವರಿಲ್ಲದ ಸಮುದಾಯಗಳೂ ಇವೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪರ ಕಥನಗಳಲ್ಲಿಯೂ, ಮ್ಯಾಸಬೇಡರಲ್ಲಿ ಗಾದ್ರಿ ಪಾಲನಾಯಕನ ಕಥನದಲ್ಲಿಯೂ ದನದ ಮಂದೆಯೊಡನೆ ನಡೆದ ದಾರಿಗಳೂ ತಂಗಿದ ತಾಣಗಳೂ ಹಾಡಾಗಿ ಉಳಿದಿವೆ. ಅವನ್ನು ಇಸವಿಯ ದಾಖಲೆಯಂತೆ ಓದಬಾರದು, ಆದರೆ ಊರುಗಳ ಹೆಸರಿಗಾಗಿ ಗಮನವಿಟ್ಟು ಕೇಳಬೇಕು.

ಕಚೇರಿಯ ಕಾಗದಗಳು

ಮೊದಲು ನಿಮ್ಮ ತಾಲ್ಲೂಕು ಹಿಂದೆ ಯಾವ ಆಡಳಿತದಲ್ಲಿತ್ತೆಂಬುದನ್ನು ತಿಳಿದುಕೊಳ್ಳಿ, ಇಲ್ಲವಾದರೆ ಸಿಗದ ಕಡೆ ಹುಡುಕಿ ದಿನಗಳು ಹಾಳಾಗುತ್ತವೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು. ಕೆಲವು ವರ್ಷ ದಾವಣಗೆರೆಯಲ್ಲಿದ್ದು ಹೊರಹೋದ ಹರಪನಹಳ್ಳಿಯ ಹಳೆಯ ಕಾಗದಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಕಾಲದವು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ಮತ್ತು ಭೂದಾಖಲೆಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು ಗ್ರಾಮ ನಕ್ಷೆ, ಮೂಲ ಸರ್ವೆಯ ಟಿಪ್ಪಣಿ, ಸರ್ವೆ ನಂಬರುವಾರು ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿಯಾದ ಆಕಾರಬಂದ್, ಹಳೆಯ ಪಹಣಿಗಳು ಇವುಗಳ ನಕಲು ಪಡೆಯಿರಿ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1860ರ ದಶಕದಲ್ಲಿ. ಆ ಮೂಲ ಸರ್ವೆಯ ನಕ್ಷೆಯಲ್ಲಿ ನಿಮ್ಮ ಊರಿನ ಜಾಗದಲ್ಲಿ ಗ್ರಾಮಠಾಣಾ, ಅಂದರೆ ಮನೆಗಳಿರುವ ನೆಲೆಯ ಗುರುತು, ಇದೆಯೇ, ಇಲ್ಲವೇ ಎಂಬ ಒಂದೇ ಸಂಗತಿಯಿಂದ ಊರು ಸರ್ವೆಗೆ ಮುಂಚಿನದೋ ನಂತರದ್ದೋ ಎಂಬುದು ತೀರ್ಮಾನವಾಗುತ್ತದೆ. ಹಟ್ಟಿ, ತಾಂಡಾ, ಭದ್ರಾ ನಾಲೆ ಬಂದ ಮೇಲೆ ಎದ್ದ ಕ್ಯಾಂಪು ಇಂಥವು ಬಹುಕಾಲ ಪ್ರತ್ಯೇಕ ಕಂದಾಯ ಗ್ರಾಮಗಳಾಗಿರಲಿಲ್ಲ. ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮವಾಗಿ ಮಾಡುವ ಕೆಲಸ ಈಚಿನದು. ನಿಮ್ಮದು ಅಂಥ ಊರಾದರೆ ತಾಯಿಗ್ರಾಮದ ಹೆಸರಿನಲ್ಲಿ ಹುಡುಕಬೇಕು. ದಾಖಲೆಯಲ್ಲಿ ಬೇಚರಾಕ್ ಎಂದು ಬರೆದಿರುವ, ಅಂದರೆ ಜನವಿಲ್ಲದ ಗ್ರಾಮಗಳನ್ನೂ ಗುರುತು ಹಾಕಿಕೊಳ್ಳಿ. ನಿಮ್ಮೂರಿನ ಪೂರ್ವಿಕರು ಬಿಟ್ಟುಬಂದ ಊರು ಅವುಗಳಲ್ಲಿ ಒಂದಾಗಿರುವ ಸಾಧ್ಯತೆ ಸಾಕಷ್ಟಿದೆ.

ಶಾನುಭೋಗರ ವಂಶಸ್ಥರ ಮನೆಗಳನ್ನು ತಪ್ಪದೆ ಹುಡುಕಿಕೊಂಡು ಹೋಗಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಡತಗಳು ಕೆಲವು ಅಟ್ಟಗಳ ಮೇಲೆ ಇಂದಿಗೂ ಇವೆ. ವಂಶಪಾರಂಪರ್ಯದ ಗ್ರಾಮಾಧಿಕಾರ 1960ರ ದಶಕದಲ್ಲಿ ರದ್ದಾದ ಮೇಲೆ ಅವುಗಳನ್ನು ಕಾಯುವ ಕಾರಣ ಯಾರಿಗೂ ಉಳಿಯಲಿಲ್ಲ. ನಾನು ಹೋದ ಒಂದು ಮನೆಯಲ್ಲಿ, ಅದಕ್ಕೆ ಹಿಂದಿನ ವರ್ಷವಷ್ಟೇ ಹಳೆಯ ಮನೆ ಕೆಡವುವಾಗ ಎರಡು ಪೆಟ್ಟಿಗೆ ಕಾಗದವನ್ನು ರದ್ದಿಗೆ ಹಾಕಿದ್ದರು. ಉಳಿದದ್ದು ದೇವರಕೋಣೆಯ ಗೂಡಿನಲ್ಲಿದ್ದ ಒಂದು ಕಡತ ಮಾತ್ರ. ಅದನ್ನು ಒರೆಸಬೇಡಿ, ನೀರು ತಾಗಿಸಬೇಡಿ, ಬಳಪದ ಅಕ್ಷರ ಬೆರಳು ಸೋಕಿದರೂ ಅಳಿಸುತ್ತದೆ. ಬಿಸಿಲಿನ ಬೆಳಕಿನಲ್ಲಿ ಮಡಿಕೆ ಮಡಿಕೆಯಾಗಿ ಫೋಟೊ ತೆಗೆದು ಮನೆಯವರಿಗೇ ಹಿಂತಿರುಗಿಸಿ.

ಉಳಿದ ದಾಖಲೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಂದೆಯ ಕಸುಬು, ಹುಟ್ಟಿದ ಊರು ಸಿಗುತ್ತವೆ. ಇದರಲ್ಲಿರುವ ಜಾತಿ, ವಯಸ್ಸಿನ ವಿವರಗಳನ್ನು ಬದುಕಿರುವವರ ಹೆಸರಿನೊಡನೆ ಅಚ್ಚುಮಾಡಬಾರದು. ಮೈಸೂರು ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದದ್ದು 1871ರಲ್ಲಿ, ಆದರೆ ಹಳ್ಳಿವಾರು ಅಂಕಿಗಳು ಸುಲಭವಾಗಿ ಕೈಗೆ ಸಿಗುವುದು 1951ರಿಂದ ಈಚಿನ ಜಿಲ್ಲಾ ಗಣತಿ ಕೈಪಿಡಿಗಳಲ್ಲಿ. ಭೂಸುಧಾರಣೆಯ ಕಾಲದ, ಅಂದರೆ 1974ರ ನಂತರದ ಫಾರಂ ಏಳರ ಅರ್ಜಿಗಳಲ್ಲಿ ಗೇಣಿದಾರರು ಎಷ್ಟು ವರ್ಷದಿಂದ ಉಳುತ್ತಿದ್ದಾರೆಂಬುದು ಅವರ ಮಾತಿನಲ್ಲೇ ಇರುತ್ತದೆ.

ಕಲ್ಲು ಮತ್ತು ಸಂವತ್ಸರ

ಊರು ಕಟ್ಟುವಾಗ ನೆಡುವ ಕರುವುಗಲ್ಲು ನಿಮ್ಮ ಊರಿನಲ್ಲಿದ್ದರೆ ಅದು ಇರುವ ಜಾಗವೇ ಮೊದಲ ಊರಿನ ನಡುವು. ಇಂದಿನ ಊರು ಅಲ್ಲಿಂದ ಯಾವ ದಿಕ್ಕಿಗೆ ಬೆಳೆದಿದೆಯೆಂದು ಅಳೆದು ನೋಡಿ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಇರುವ ವೀರಗಲ್ಲು, ಮಾಸ್ತಿಗಲ್ಲುಗಳನ್ನು ಕಂಡಾಗ ಅರಿಶಿನ, ಎಣ್ಣೆ, ಬಣ್ಣ ಯಾವುದನ್ನೂ ಬಳಿಯದೆ, ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಅಥವಾ ರಾತ್ರಿ ಒಂದು ಬದಿಯಿಂದ ಟಾರ್ಚ್ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಹಗಲಿನಲ್ಲಿ ಬೋಳಾಗಿ ಕಂಡ ಕಲ್ಲಿನ ಮೇಲೆ ಅಕ್ಷರದ ಸಾಲು ಎದ್ದು ಕಾಣುವುದು ಆಗ. ಅಕ್ಷರವಿದ್ದರೆ ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟದಲ್ಲಿ ಚಿತ್ರದುರ್ಗದ ತಾಲ್ಲೂಕುವಾರು ಶಾಸನಗಳನ್ನು ನೋಡಿ. ಹೊನ್ನಾಳಿ, ಚನ್ನಗಿರಿಯ ಶಾಸನಗಳು ಶಿವಮೊಗ್ಗ ಜಿಲ್ಲೆಯ ಏಳನೆಯ ಸಂಪುಟದಲ್ಲಿವೆ.

ಬಾವಿಯ ಕಲ್ಲಿನ ಮೇಲೋ ಗುಡಿಯ ಬಾಗಿಲವಾಡದ ಮೇಲೋ ಬರೀ ಸಂವತ್ಸರದ ಹೆಸರಿದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ ಎಂಬುದನ್ನು ಮರೆಯಬಾರದು. ಶಕವರ್ಷವೂ ಇದ್ದರೆ ತಾಳೆ ನೋಡುವುದು ಸುಲಭ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಅರವತ್ತರಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಬೇಕಾದ ಸಂಖ್ಯೆ. ಶಕ 1798ಕ್ಕೆ 12 ಕೂಡಿಸಿದರೆ 1810, ಶೇಷ 10, ಹತ್ತನೆಯದು ಧಾತು. 1798ಕ್ಕೆ 78 ಕೂಡಿಸಿದರೆ ಕ್ರಿಸ್ತಶಕ 1876. ಅದರ ಮುಂದಿನದು ಈಶ್ವರ. ಹಿರಿಯರು ಧಾತು, ಈಶ್ವರದ ಬರವೆಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದದ್ದು ಈ ಎರಡು ವರ್ಷಗಳನ್ನೇ. ಶಾಸನಗಳಲ್ಲಿ ಒಂದು ವರ್ಷದ ಹೆಚ್ಚುಕಡಿಮೆ ಬರುವುದುಂಟು, ಅದರಿಂದ ಗಾಬರಿಯಾಗಬೇಕಾಗಿಲ್ಲ.

ಖಾಲಿ ನೆಲವೆಂಬ ಮಾತು

ಊರು ಕಟ್ಟಿದವರ ಮೊಮ್ಮಕ್ಕಳು ಎಲ್ಲ ಕಡೆಯೂ ಹೇಳುವ ಒಂದು ವಾಕ್ಯವಿದೆ: "ಆಗ ಇಲ್ಲಿ ಏನೂ ಇರಲಿಲ್ಲ, ಬರೀ ಕಾಡು." ನಾರ್ವೆಯವರ ಮೊಮ್ಮಕ್ಕಳೂ ಇದನ್ನೇ ಹೇಳಿದರು. ಈ ವಾಕ್ಯ ಸಿಕ್ಕ ಕೂಡಲೇ ಬರೆದುಕೊಳ್ಳಿ, ಆದರೆ ಒಪ್ಪಿಕೊಳ್ಳಬೇಡಿ. ನಮ್ಮದು ಹುಲ್ಲುಗಾವಲಿನ ಸೀಮೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಅರಮನೆಯ ಪಶುಪಾಲನಾ ವಿಭಾಗಕ್ಕೆ ಸೇರಿದ್ದು ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂದು ಹೆಸರಾದ ದನಗಳಿಗೆ ಮೀಸಲಾದ ಕಾವಲುಗಳು ಚಳ್ಳಕೆರೆ, ಹಿರಿಯೂರು, ಹೊಸದುರ್ಗದ ಸುತ್ತ ಹರಡಿದ್ದವು. ಆ ಕಾವಲುಗಳಲ್ಲಿ ಸರ್ಕಾರದ ದನಗಳಲ್ಲದೆ ಸುತ್ತಲಿನ ಹಟ್ಟಿಗಳ ಕುರಿ, ದನಗಳೂ ಮೇಯುತ್ತಿದ್ದವು. ಚಳ್ಳಕೆರೆಯ ಕಾವಲಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಜಾಗ ಕೊಟ್ಟಾಗ, ಇದು ತಲೆಮಾರುಗಳಿಂದ ತಾವು ಮೇಯಿಸಿದ ನೆಲವೆಂದು ಸುತ್ತಲಿನ ಜನ ವಾದಿಸಬೇಕಾಗಿ ಬಂದದ್ದು ಅವರ ಬಳಕೆ ಕಾಗದದಲ್ಲಿ ಸರಿಯಾಗಿ ದಾಖಲಾಗದ್ದರಿಂದ. ನಿಮ್ಮ ಊರಿನ ಪುಸ್ತಕದಲ್ಲಿ ಅಂಥ ಜನರಿಗೆ ಒಂದು ಅಧ್ಯಾಯ ಇರಲೇಬೇಕು. ಹೊಲಗಳ ಹೆಸರು ಅದಕ್ಕೆ ದಾರಿ ತೋರಿಸುತ್ತದೆ. ಹಾಳೂರ ದಿಬ್ಬ, ಗೊಲ್ಲರ ಗುಂಡಿ, ಮಂದೆ ಹೊಲ, ಕುಂಬಾರಗುಣಿ ಇಂಥ ಹೆಸರುಗಳನ್ನು ಸರ್ವೆ ನಂಬರಿನೊಡನೆ ಪಟ್ಟಿ ಮಾಡಿ, ಆ ಹೊಲಗಳಲ್ಲಿ ನಡೆದು ನೋಡಿ. ಮಡಕೆಯ ಚೂರುಗಳು ಕಂಡರೆ ಜಾಗ ಗುರುತು ಮಾಡಿ ಫೋಟೊ ತೆಗೆದು ಅಲ್ಲೇ ಬಿಡಿ, ಅಗೆಯಬೇಡಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ರೈಸ್ ಅವರಿಗೆ ಅಶೋಕನ ಶಾಸನ ಸಿಕ್ಕಿತು, 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಜಾಗದಲ್ಲಿ ಉತ್ಖನನ ನಡೆಸಿದರು. ಬರೀ ಬೆಟ್ಟ, ಬಯಲೆಂದು ಕಾಣುವ ಆ ನೆಲದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನವಸತಿ ಇತ್ತು.

ಬರೆಯುವಾಗ

ಬರವಣಿಗೆಗೆ ಕೂತಾಗ ನಾರ್ವೆಯವರ ಒಂದು ಪದ್ಧತಿ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಗ್ರಾಮಚರಿತ್ರೆಗಳು ರಾಜರ ಕಾಲಾನುಕ್ರಮದಲ್ಲಿ ಸಾಗುವುದಿಲ್ಲ. ಜಮೀನು ಜಮೀನಾಗಿ, ಇಲ್ಲಿ ಯಾರ ನಂತರ ಯಾರು ಬಾಳಿದರು ಎಂದು ಸಾಗುತ್ತವೆ. ನೀವೂ ಮನೆಮನೆಯಾಗಿ ಬರೆಯಿರಿ. ಹಾಗೆ ಬರೆದಾಗ ಹಳ್ಳದ ಆಚೆಯ ಹದಿನಾಲ್ಕನೆಯ ಮನೆಗೂ ಗೌಡರ ಮನೆಗೂ ಒಂದೊಂದು ಪುಟ ಸಿಗುತ್ತದೆ. ಕೆರೆಗೆ ಮಣ್ಣು ಹೊತ್ತ ವಡ್ಡರು, ನೀರುಗಂಟಿ, ತಳವಾರ, ತೋಟಿ ಇವರನ್ನೆಲ್ಲ ಕೊನೆಯ ಪುಟದ ಒಂದು ವಾಕ್ಯಕ್ಕೆ ತಳ್ಳುವ ತಪ್ಪು ಆಗುವುದಿಲ್ಲ.

ಊರು ಹುಟ್ಟಿದ ಐತಿಹ್ಯವನ್ನು ಕೇಳಿದಂತೆಯೇ ಬರೆಯಿರಿ, ಆದರೆ ಐತಿಹ್ಯವೆಂದು ಹೆಸರಿಸಿ. ಮೊಲವು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋದ ಗಂಡುಮೆಟ್ಟಿನ ಜಾಗ, ಹಸು ಹುತ್ತಕ್ಕೆ ಹಾಲು ಸುರಿಸಿದ ಜಾಗ ಎಂಬ ಕಥೆಗಳು ಕರ್ನಾಟಕದ ಹತ್ತಾರು ಊರುಗಳಿಗಿವೆ. ಅವು ನಿಮ್ಮ ಊರಿನ ಇಸವಿಯನ್ನು ಹೇಳುವುದಿಲ್ಲ, ಜನ ತಮ್ಮ ಊರನ್ನು ಯಾವ ಸಾಲಿಗೆ ಸೇರಿಸಿಕೊಂಡಿದ್ದಾರೆಂಬುದನ್ನು ಹೇಳುತ್ತವೆ. ಮೊದಲು ಬಂದ ಮನೆ ತಮ್ಮದೇ ಎಂದು ಎರಡು ಮನೆಗಳವರು ಹೇಳಿದರೆ ಎರಡನ್ನೂ ಅಕ್ಕಪಕ್ಕದಲ್ಲಿ ಬರೆದು, ಯಾವುದಕ್ಕೆ ಯಾವ ಆಧಾರವಿದೆಯೆಂದು ತಿಳಿಸಿ ಬಿಡಿ. ಜಾತ್ರೆಯ ಮೊದಲ ಮರ್ಯಾದೆ ಇಂಥ ಮಾತಿಗೆ ತಗುಲಿಕೊಂಡಿರುತ್ತದೆ, ಆದ್ದರಿಂದ ತೀರ್ಪು ಕೊಡಲು ಹೋಗಬಾರದು. ಪ್ರತಿ ಸಂಗತಿಯ ಜೊತೆ ಅದು ಯಾರು ಹೇಳಿದ್ದು, ಯಾವ ಕಾಗದದಲ್ಲಿ ಕಂಡದ್ದು ಎಂಬುದು ವಾಕ್ಯದೊಳಗೇ ಬರಲಿ.

ಕರಡು ಸಿದ್ಧವಾದ ಮೇಲೆ ಅಚ್ಚಿಗೆ ಕೊಡುವ ಮುನ್ನ, ಸುಗ್ಗಿ ಮುಗಿದ ದಿನಗಳಲ್ಲಿ ಎಲ್ಲ ಕೇರಿಯವರನ್ನೂ ಕರೆದು ಶಾಲೆಯ ಅಂಗಳದಲ್ಲಿ ಓದಿ ಹೇಳಿ. ಗುಡಿಯ ಕಟ್ಟೆ ಬೇಡ, ಅಲ್ಲಿಗೆ ಬರಲು ಹಿಂಜರಿಯುವವರು ಇನ್ನೂ ಇದ್ದಾರೆ. ನಾನು ಓದಿದ ಸಂಜೆ ಇಪ್ಪತ್ತಕ್ಕೂ ಹೆಚ್ಚು ತಿದ್ದುಪಡಿಗಳು ಬಂದವು. ಅವುಗಳಲ್ಲಿ ಒಂದು, ಮೊದಲ ಬಾವಿಯೆಂದು ನಾನು ಬರೆದಿದ್ದದ್ದು ಎರಡನೆಯ ಬಾವಿ ಎಂಬುದಾಗಿತ್ತು. ಮೊದಲನೆಯದರಲ್ಲಿ ಉಪ್ಪುನೀರು ಬಂದದ್ದರಿಂದ ಮುಚ್ಚಿದ್ದರಂತೆ, ಅದರ ಮೇಲೆ ಈಗ ಒಂದು ಕಣವಿದೆ. ಮರುದಿನ ಬೆಳಿಗ್ಗೆ ಆ ಕಣದ ಯಜಮಾನರು ನನ್ನನ್ನು ಕರೆದುಕೊಂಡು ಹೋಗಿ, ಮೂಲೆಯಲ್ಲಿ ಮಣ್ಣಿನಿಂದ ಅರ್ಧ ಎದ್ದಿದ್ದ ಬಾವಿಯ ದಂಡೆಯ ಕಲ್ಲುಗಳನ್ನು ಕಾಲಿನಿಂದ ಕೆದಕಿ ತೋರಿಸಿದರು. ಪುಸ್ತಕದ ಪ್ರತಿ ಮನೆಯ ಪುಟದ ಎದುರಿಗೆ ಒಂದು ಖಾಲಿ ಪುಟ ಬಿಡಿಸಿ ಅಚ್ಚುಹಾಕಿಸಿ. ಒಂದೊಂದು ಪ್ರತಿಯನ್ನು ಊರಿನ ಶಾಲೆಗೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ, ಮುಂದಿನ ವರ್ಷ ಹೆಳವರು ಬಂದಾಗ ಅವರ ಕೈಗೂ ಒಂದನ್ನು ಕೊಡಿ.